ಪರವಾಗಿಲ್ಲ ಎನ್ನುವವರ ಊರಿನಿಂದ

ಮುದ್ದಿನ ದಾರ್ಕಾ,

ನಿನ್ನ ಸೋದರಮಾವ ಓರೆಸ್ಟನ ಆಶೀರ್ವಾದಗಳು. ಮಾವ ಕಾಗದ ಬರೆದನೆಂದು ಗಾಬರಿಯಾಗಬೇಡ, ಇಲ್ಲಿ ಯಾರೂ ಸತ್ತಿಲ್ಲ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನೀನು ನಡುವೆ ಬಾಯಿ ಹಾಕುತ್ತೀಯ, ಕಾಗದದಲ್ಲಿ ಅದು ಸಾಗುವುದಿಲ್ಲ. ಇನ್ನು ಬರವಣಿಗೆಯ ವಿಷಯಕ್ಕೆ ಬಂದರೆ, ನಾನು ಹಳ್ಳಿಯ ಒಂದೇ ಕೋಣೆಯ ಶಾಲೆಯಲ್ಲಿ ಎಂಟನೆಯ ತರಗತಿ ಮುಗಿಸಿದವನು, ಅದೂ ತರಗತಿಗೇ ಮೊದಲಿಗನಾಗಿ. ಆ ತರಗತಿಯಲ್ಲಿ ನನ್ನ ಜೊತೆ ಇದ್ದವಳು ಇನ್ನೊಬ್ಬಳೇ, ಆಮೇಲೆ ನನ್ನನ್ನೇ ಕಟ್ಟಿಕೊಂಡ ನಿನ್ನ ಅತ್ತೆ ಸ್ಟೆಫ್ಕಾ. ಮೊದಲಿಗ ಯಾರೆಂಬ ಬಗ್ಗೆ ಅವಳ ಅಭಿಪ್ರಾಯ ಬೇರೆ ಇದೆ.

ವಿಷಯಕ್ಕೆ ಬರುತ್ತೇನೆ. ಎಂ.ಎಸ್. ಎಂಬ ಈ ನರದ ಕಾಯಿಲೆಗೆ ನಿನ್ನ ಫಿಸಿಯೋಥೆರಪಿ ಗುರುವಾರ ಶುರುವಾಗುತ್ತದೆ, ಮೊದಲ ದಿನ ಬರೀ ಪ್ರಶ್ನೆ ಕೇಳುತ್ತಾರೆ ಎಂದು ಭಾನುವಾರ ನೀನು ಫೋನಿನಲ್ಲಿ ಹೇಳಿದೆ. ಏನು ಹೇಳುತ್ತೀ ಎಂದು ನಾನು ಕೇಳಿದ್ದಕ್ಕೆ, "ಹೇಳೋದೇನು ಮಾವ, ಪರವಾಗಿಲ್ಲ ಅಂತೀನಿ. ನನಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇಲ್ಲ" ಎಂದೆ. ಆ ಮಾತಿಗಾಗಿಯೇ ಈ ಕಾಗದ. ಗುರುವಾರದೊಳಗೆ ಇದು ನಿನ್ನ ಕೈ ಸೇರಬೇಕು.

ನಮ್ಮ ಸಸ್ಕಾಚೆವಾನ್ ಬಯಲುಸೀಮೆಯ ಜನ ಹೇಗೆಂದು ನಿನಗೆ ಹೇಳಬೇಕಾಗಿಲ್ಲ. ಪಕ್ಕದ ಜಮೀನಿನ ವಸಿಲ್, ಗೋಧಿ ಮೇಲೇರಿಸುವ ಯಂತ್ರಕ್ಕೆ ಎರಡು ಬೆರಳು ಕೊಟ್ಟ ದಿನ ಅವನನ್ನು ಟ್ರಕ್ಕಿನಲ್ಲಿ ಹಾಕಿಕೊಂಡು ಹೋದವನು ನಾನೇ. ಆ ರಸ್ತೆಯಲ್ಲಿ ಅಷ್ಟು ಬೇಗ ಇವತ್ತಿನವರೆಗೂ ಯಾರೂ ಹೋಗಿಲ್ಲ, ಬೇಕಾದರೆ ವಿಚಾರಿಸು. ಹೇಗಿದೆ ಎಂದು ಡಾಕ್ಟರು ಕೇಳಿದರೆ ವಸಿಲ್, "ಪರವಾಗಿಲ್ಲ ಡಾಕ್ಟ್ರೇ, ಎಡಗೈ ತಾನೆ" ಎಂದ. ನಮ್ಮಜ್ಜಿ ಹೇಳುತ್ತಿದ್ದಳು, ಕಷ್ಟ ಕಷ್ಟ ಅಂತ ಗೊಣಗಬೇಡಿ, ದೇವರು ಕೇಳಿಸಿಕೊಂಡು ಕಷ್ಟ ಅಂದ್ರೆ ಏನು ಅಂತ ತೋರಿಸಿಬಿಡ್ತಾನೆ ಎಂದು. ಉಕ್ರೇನಿನಿಂದ ಹಡಗಿನಲ್ಲಿ ಬಂದಾಗ ಅವಳು ತಂದದ್ದು ಒಂದು ಪೆಟ್ಟಿಗೆ ಮತ್ತು ಈ ಮಾತು. ಪೆಟ್ಟಿಗೆಗೆ ಹುಳು ಹಿಡಿಯಿತು.

ನಿನ್ನ ಅತ್ತೆಗೂ ಇದೇ ಕಾಯಿಲೆ, ನಿನಗಿಂತ ಬಹಳ ಮೊದಲಿನಿಂದ. ಪಟ್ಟಣದ ಫಿಸಿಯೋಥೆರಪಿಗೆ ಅವಳ ಹೆಸರು ಬಂದದ್ದು ಒಂದು ಮಾರ್ಚ್ ತಿಂಗಳಲ್ಲಿ. ಅಲ್ಲಿದ್ದವಳು ಗ್ವೆನ್ ಥೀಸನ್, ಕಟ್ಟುಮಸ್ತಾದ ಹೆಂಗಸು, ನನ್ನ ಹಾಸ್ಯಕ್ಕೆ ನಗದಿದ್ದ ಏಕೈಕ ವ್ಯಕ್ತಿ. ಅವಳು ಮೊದಲು ಗಡಿಯಾರ ಹಿಡಿದು ಸ್ಟೆಫ್ಕಾಳನ್ನು ನಡೆಸಿದಳು. ಆಮೇಲೆ ಕೂರಿಸಿಕೊಂಡು, "ನೀವೆಷ್ಟು ಬೇಗ ನಡೀತೀರಿ ಅಂತ ಗಡಿಯಾರ ಹೇಳತ್ತೆ. ಆ ನಡಿಗೆಗೆ ಏನು ತೆತ್ತಿದ್ದೀರಿ ಅಂತ ನೀವೇ ಹೇಳ್ಬೇಕು" ಎಂದಳು. ಕಳೆದ ಹದಿನೈದು ದಿನಗಳಲ್ಲಿ ಮೆಟ್ಟಿಲು ಹತ್ತಲು ಎಷ್ಟು ತೊಂದರೆಯಾಯಿತು, ನಿಂತು ಕೆಲಸ ಮಾಡಲು ಎಷ್ಟು, ಹೀಗೆ ಪ್ರಶ್ನೆಗಳು. ತೊಂದರೆಯೇ ಇಲ್ಲ ಎಂದರೆ ಒಂದು, ತೀರಾ ಹೆಚ್ಚು ಎಂದರೆ ಐದು.

ಅತ್ತೆ ಎಲ್ಲದಕ್ಕೂ "ಪರವಾಗಿಲ್ಲ, ಎರಡು ಹಾಕಮ್ಮ" ಎಂದಳು. ಒಂದು ಎಂದರೆ ಜಂಬವಾಗುತ್ತದೆ, ಮೂರು ಎಂದರೆ ಗೊಣಗಿದಂತಾಗುತ್ತದೆ, ಹಾಗಾಗಿ ಎರಡು. ಜಂಬದ ಇಲಾಖೆಯನ್ನು ನಾನು ನೋಡಿಕೊಂಡೆ. "ನಮ್ಮನೆಯೋಳು ಗಟ್ಟಿ, ಕುದುರೆ ಇದ್ದ ಹಾಗೆ" ಎಂದೆ. "ಕುದುರೆಗೂ ಹಲ್ಲು ನೋಡ್ತಾರೆ, ಸ್ವಲ್ಪ ಸುಮ್ನಿರು ಓರೆಸ್ಟ್" ಎಂದಳು ಅತ್ತೆ.

ಏನು ಸಾಧಿಸಬೇಕು ಎಂದು ಗ್ವೆನ್ ಕೇಳಿದಾಗ ಮಾತ್ರ ಅತ್ತೆ ನಿಜ ಹೇಳಿದಳು, ಲಟ್ಟಣಿಗೆ ಹಿಡಿಯಬೇಕು ಎಂದು. ಚರ್ಚಿನ ನೆಲಮಾಳಿಗೆಯಲ್ಲಿ ಹೆಂಗಸರು ಸೇರಿ ಆಲೂಗಡ್ಡೆ ತುಂಬಿದ ಪಿರೋಹಿ ಕಡುಬು ಮಾಡುವುದನ್ನು ನೀನು ಕಂಡಿದ್ದೀಯ. ಹಿಟ್ಟು ಲಟ್ಟಿಸುವವರು ನಿಂತಿರುತ್ತಾರೆ, ನಿಲ್ಲಲಾಗದವರು ಮೂಲೆಯಲ್ಲಿ ಕೂತು ಆಲೂಗಡ್ಡೆ ಸುಲಿಯುತ್ತಾರೆ. ಅತ್ತೆ ಆಗಲೇ ಆಲೂಗಡ್ಡೆಗೆ ಇಳಿದಿದ್ದಳು.

ಬೇಸಿಗೆಯುದ್ದಕ್ಕೂ ನಾನು ಅವಳನ್ನು ಕರೆದುಕೊಂಡು ಹೋದೆ. ಗ್ವೆನ್ ಅವಳ ಸೊಂಟ ಗಟ್ಟಿ ಮಾಡಿದಳು, ಪಾದ ಎಳೆಯದಂತೆ ಎತ್ತಿಡುವುದನ್ನು ಕಲಿಸಿದಳು, ಕೆಲಸದ ನಡುವೆ ಯಾವಾಗ ನಿಲ್ಲಿಸಬೇಕೆಂದು ಹೇಳಿಕೊಟ್ಟಳು. ಬೇಸಿಗೆ ಮುಗಿಯುವ ಹೊತ್ತಿಗೆ ಅತ್ತೆ ಕಂಬಿ ಹಿಡಿದು ಚರ್ಚಿನ ಮೆಟ್ಟಿಲಿಳಿದು, ಅರ್ಧ ಬೆಳಗು ನಿಂತು ಲಟ್ಟಿಸಿದಳು. ಅವತ್ತು ನಾನು ತಿಂದ ಪಿರೋಹಿಗಳ ದಾಖಲೆಯನ್ನು ಇನ್ನೂ ಯಾರೂ ಮುರಿದಿಲ್ಲ.

ಸೆಪ್ಟೆಂಬರಿನಲ್ಲಿ ಮತ್ತೆ ಅದೇ ಪ್ರಶ್ನೆಗಳು. ಅಷ್ಟರಲ್ಲಿ ಅತ್ತೆಗೆ ಗ್ವೆನ್ ಮೇಲೆ ನಂಬಿಕೆ ಬಂದಿತ್ತು. ಪ್ರತಿ ವಾರ ಸೊಂಟ ಹಿಡಿದು ಎಬ್ಬಿಸುವವಳ ಮುಂದೆ ಮುಚ್ಚಿಡುವುದೇನು? ಇದ್ದದ್ದನ್ನು ಇದ್ದ ಹಾಗೆ ಹೇಳಿದಳು. ಮೂರು, ಮೂರು, ನಾಲ್ಕು. ಎರಡರಿಂದ ಮೂರಕ್ಕೂ ನಾಲ್ಕಕ್ಕೂ ಹೋದವಳು ಕಾಗದದ ಮೇಲೆ ಹದಗೆಟ್ಟವಳು. ಫಿಸಿಯೋಥೆರಪಿಯ ಸರದಿ ನೋಡಿಕೊಳ್ಳುವ ನಗರದ ಕಚೇರಿಯ ನಿಯಮದಂತೆ, ಸುಧಾರಣೆ ಕಾಣದವರು ಸರದಿಯಲ್ಲಿರುವವರಿಗೆ ಜಾಗ ಬಿಡಬೇಕಿತ್ತು.

ಗ್ವೆನ್ ಸುಮ್ಮನೆ ಬಿಡಲಿಲ್ಲ. ಒಂದು ದಿನ ನಮ್ಮನ್ನು ಕರೆಸಿ, "ಸ್ಟೆಫ್ಕಾ, ಮಾರ್ಚ್‌ನಲ್ಲಿ ಹೇಗಿದ್ರಿ ಅಂತ ಈಗ ಹೇಳಿ. ಆಗ ಹೇಳಿದ್ದು ಬೇಡ, ಆಗ ಇದ್ದದ್ದು ಬೇಕು" ಎಂದಳು. ನಾನು ಬಾಯಿ ತೆರೆದೆ. "ಓರೆಸ್ಟ್, ನೀವು ಹೋಗಿ ಆ ಅಸ್ಥಿಪಂಜರದ ಮುಂದೆ ನಿಂತ್ಕೊಳ್ಳಿ. ನಿಮ್ಮ ಮಾತು ಕೇಳೋಕೆ ಅದಕ್ಕೆ ಪುರುಸೊತ್ತಿದೆ" ಎಂದಳು.

ಮೂಲೆಯಲ್ಲಿ ಪ್ಲಾಸ್ಟಿಕ್ಕಿನ ಅಸ್ಥಿಪಂಜರ ನೇತುಹಾಕಿದ್ದರು. ಹೋಗಿ ನಿಂತೆ. ಬೆನ್ನ ಹಿಂದೆ ಅತ್ತೆಯ ದನಿ.

"ಮೆಟ್ಟಿಲಾ? ಐದು. ಕೂತ್ಕೊಂಡೇ ಇಳೀತಿದ್ದೆ. ಇವನು ಕೊಟ್ಟಿಗೆಗೆ ಹೋಗೋವರೆಗೂ ಮೇಲೇ ಕಾಯ್ತಿದ್ದೆ."

"ನಿಂತ್ಕೊಳ್ಳೋದು?"

"ಒಲೆ ಹಿಡ್ಕೊಂಡ್ರೆ ಆಗ್ತಿತ್ತು. ಒಂದ್ಸಲ ಒಲೆ ಬಿಸಿ ಇರೋದು ಕೈಗೆ ಗೊತ್ತೇ ಆಗ್ಲಿಲ್ಲ, ಅಂಗೈ ಬೆಂದೋಯ್ತು. ಬ್ರೆಡ್ಡಿನ ತಟ್ಟೆ ತಗುಲ್ತು ಅಂತ ಇವನಿಗೆ ಹೇಳ್ದೆ."

ಆ ಅಸ್ಥಿಪಂಜರದ ಎಡಗಾಲಿಗೆ ಕಿರುಬೆರಳಿರಲಿಲ್ಲ. ಮಂಡಿಚಿಪ್ಪನ್ನು ತಂತಿಯಿಂದ ಕಟ್ಟಿದ್ದರು, ಕೆಲಸ ಅಷ್ಟು ಅಚ್ಚುಕಟ್ಟಲ್ಲ, ನಾನಾಗಿದ್ದರೆ ಚೆನ್ನಾಗಿ ಕಟ್ಟುತ್ತಿದ್ದೆ. ಪ್ರಶ್ನೆಗಳು ಮುಗಿಯುವವರೆಗೂ ಅದನ್ನೇ ನೋಡಿದೆ.

ಗ್ವೆನ್ ಅದನ್ನೆಲ್ಲ ಬರೆದು ಕಚೇರಿಗೆ ಕಳಿಸಿದಳು. ನೆನಪನ್ನು ಅಳತೆ ಎನ್ನಲಾಗದು, ಮೊದಲ ದಿನ ಹೇಳಿದ್ದೇ ಲೆಕ್ಕಕ್ಕೆ ಎಂದು ಉತ್ತರ ಬಂತು. ನಾನು ಅವರನ್ನು ಬಯ್ಯುವುದಿಲ್ಲ. ಮೊದಲ ಗೂಟವನ್ನೇ ತಪ್ಪು ಜಾಗದಲ್ಲಿ ನೆಟ್ಟರೆ ಆಮೇಲೆ ತಂತಿ ಎಷ್ಟು ಬಿಗಿದರೂ ಬೇಲಿ ನೆಟ್ಟಗಾಗುವುದಿಲ್ಲ. ಅತ್ತೆಯ ಜಾಗ ಬೇರೆಯವರಿಗೆ ಹೋಯಿತು. ವ್ಯಾಯಾಮದ ಚಿತ್ರಗಳನ್ನು ಕೊಟ್ಟರು, ಮನೆಯಲ್ಲಿ ಸ್ವಲ್ಪ ಕಾಲ ಮಾಡಿದೆವು. ಈಗ ಅವಳು ಗಾಲಿಕುರ್ಚಿಯಲ್ಲಿರುವುದನ್ನು ನೀನೇ ನೋಡಿದ್ದೀಯ. ಆ ಅಂಕಿಯಿಂದ ಹೀಗಾಯಿತೆಂದು ನಾನು ಹೇಳಲಾರೆ, ಗ್ವೆನ್ ಸಹ ಹೇಳುವುದಿಲ್ಲ. ಈ ಕಾಯಿಲೆ ಯಾರ ಮಾತನ್ನೂ ಕೇಳುವಂಥದ್ದಲ್ಲ. ಇನ್ನೊಂದು ಚಳಿಗಾಲ ಲಟ್ಟಣಿಗೆ ಹಿಡಿಯುತ್ತಿದ್ದಳೋ ಏನೋ. ಅದನ್ನು ತಿಳಿಯುವ ದಾರಿ ಇಲ್ಲ.

ಆದ್ದರಿಂದ ಗುರುವಾರ ನೀನು ನಮ್ಮ ಊರಿನವಳೆಂಬುದನ್ನು ಬಾಗಿಲಾಚೆ ಬಿಟ್ಟು ಒಳಗೆ ಹೋಗು. ನಾನು ನನ್ನ ಹೊಲದ ಆಲೂಗಡ್ಡೆಯ ಗಾತ್ರ ಉಬ್ಬಿಸಿ ಹೇಳುವ ಹಾಗೆ ನಿನ್ನ ಕಷ್ಟ ಹೇಳು ಎನ್ನೋಣವೆಂದುಕೊಂಡೆ, ಆದರೆ ಅಷ್ಟು ಬೇಡ. ಬೇರೆಯವರು ತೂಗಿದಾಗ ನನ್ನ ಆಲೂಗಡ್ಡೆ ಎಷ್ಟಿರುತ್ತದೋ ಅಷ್ಟು ಹೇಳಿದರೆ ಸಾಕು. ಒಳ್ಳೆಯ ದಿನವೊಂದನ್ನು ಹೆಕ್ಕಿ ತೋರಿಸಬೇಡ. ಈಸ್ಟರ್‌ಗೆ ನೀನು ಗಂಡನ ರಬ್ಬರ್ ಬೂಟು ಹಾಕಿಕೊಂಡು ಬಂದಿದ್ದೆ, "ಇದೇ ಈಗಿನ ಫ್ಯಾಶನ್ ಮಾವ" ಎಂದೆ. ಲೇಸು ಕಟ್ಟಲು ನಿನ್ನ ಬೆರಳು ಬಗ್ಗುತ್ತಿಲ್ಲ ಎಂದು ನನಗೆ ಆಗಲೇ ತಿಳಿಯಿತು. ಅವರಿಗೆ ಬೂಟಿನ ವಿಷಯ ಹೇಳು. ಮೊದಲ ದಿನವೇ ಹೇಳು. ನಂಬಿಕೆ ಬರಲಿ ಆಮೇಲೆ ಹೇಳೋಣ ಎಂದು ಕಾಯಬೇಡ.

ಇಷ್ಟನ್ನೂ ಅತ್ತೆಗೆ ಓದಿ ಹೇಳಿದೆ. ಆಲೂಗಡ್ಡೆಯ ಮಾತಿಗೆ ತಲೆಯಾಡಿಸಿದಳು. ಏನಾದರೂ ಸೇರಿಸುವುದಿದೆಯಾ ಎಂದು ಕೇಳಿದೆ. "ಬೆಳಿಗ್ಗೆಯಿಂದ ನನ್ ಬಲಗೈ ಲೋಟ ಹಿಡೀತಿಲ್ಲ ಅಂತ ಬರಿ" ಎಂದಳು. ನಾನು ಬೆಳಿಗ್ಗೆಯಿಂದ ಅವಳ ಎದುರೇ ಕೂತಿದ್ದೇನೆ ದಾರ್ಕಾ. ಅವಳ ಚಹಾ ಮುಟ್ಟದೆ ಹಾಗೇ ಇದೆ. ಅದನ್ನು ಬಿಸಿ ಮಾಡಿ ಕುಡಿಸಬೇಕು, ಇಲ್ಲಿಗೆ ನಿಲ್ಲಿಸುತ್ತೇನೆ.

ನಿನ್ನ ಕಾಲಿಗೆ ಬಲ ಬರಲಿ, ನಾಲಿಗೆಗೆ ಅದಕ್ಕೂ ಮೊದಲು ಬರಲಿ.

ನಿನ್ನ ಮಾವ,
ಓರೆಸ್ಟ್