ಗೋಲಿನಿಂದ ಅಕ್ಕನ ಗದರಿಕೆ

ಅಕ್ಕಾ,

ಫೋನ್ ಎತ್ತಲಿಲ್ಲವೆಂದು ಮುಖ ಊದಿಸಿಕೊಳ್ಳಬೇಡ. ಕೂಗಿ ಕೂಗಿ ಗಂಟಲು ಕಟ್ಟಿದೆ. ಡಾಕ್ಟರು ಪಿಸುಮಾತೂ ಕೂಡದು ಎಂದಿದ್ದಾರೆ, ಅದಕ್ಕೇ ಈ ಕಾರ್ಡು.

ಈ ತಂಡದಲ್ಲಿ ಯಾರಿಗೂ ಕನ್ನಡ ಬಾರದು. ಆದರೂ ಚೆಂಡು ಗೋಲಿನ ಹತ್ತಿರ ಬಂದರೆ ನನ್ನ ಬಾಯಿಂದ ಬರುವುದು ಕನ್ನಡವೇ. ಬೀದಿಯಲ್ಲಿ ಆಡುವಾಗ ನೀನು ಬಾಗಿಲಲ್ಲಿ ನಿಂತು, "ಯಾರನ್ನ ನೋಡ್ತಾ ನಿಂತಿದ್ದೀಯೋ?" ಅಂತ ಗದರುತ್ತಿದ್ದೆಯಲ್ಲ, ಅದನ್ನೇ ನಮ್ಮ ಡಿಫೆಂಡರುಗಳ ಮೇಲೆ ಬಿಡುತ್ತೇನೆ. ಅರ್ಥ ಗೊತ್ತಿಲ್ಲದಿದ್ದರೂ ಎದ್ದೆವೋ ಬಿದ್ದೆವೋ ಎಂದು ಓಡುತ್ತಾರೆ.

ನಿನ್ನೆಯ ಪಂದ್ಯಕ್ಕೆ ಕೋಚ್ ತಮ್ಮ ಭಾಷೆಯಲ್ಲಿ, "ದನಿ ಇಲ್ದೋನನ್ನ ಗೋಲಲ್ಲಿ ನಿಲ್ಸೋಕಾಗಲ್ಲ" ಎಂದು ಎರಡನೇ ಗೋಲ್‌ಕೀಪರನ್ನು ಇಳಿಸಿದರು. ನನ್ನ ಕ್ಯಾಪ್ಟನ್ ಪಟ್ಟಿಯೂ ಅವನ ತೋಳಿಗೇರಿತು. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಕೈಗವಸು ಹಾಕಿಕೊಂಡೇ ಗೆರೆಯ ಪಕ್ಕ ಶತಪಥ ಹಾಕುತ್ತಿದ್ದೆ. ಎದುರಾಳಿಗಳಿಗೆ ಕಾರ್ನರ್ ಸಿಕ್ಕಿತು. ನಾನು ಅಲ್ಲೇ ನಿಂತುಬಿಟ್ಟೆ. ಗೋಲಿನಲ್ಲಿದ್ದ ಆ ಲಂಬೂ ಥೇಟ್ ನಿನ್ನ ರಾಗದಲ್ಲೇ ಕಿರುಚಿದ: "ಯಾರನ್ನ ನೋಡ್ತಾ ನಿಂತಿದ್ದೀಯೋ!" ಡಿಫೆಂಡರುಗಳು ತಟ್ಟನೆ ಸರಿದು ದಾರಿಬಿಟ್ಟರು, ಚೆಂಡು ಅವನ ಕೈ ಸೇರಿತು. ಒಂದೂ ಗೋಲು ಬಿಡದೆ ಗೆದ್ದರು. ಅಲ್ಲ, ಗೆದ್ದೆವು.

ಅಮ್ಮನಿಗೆ ಬರೀ ಶೀತ ಎಂದು ಹೇಳು, ಬಿಸಿನೀರು ಕುಡಿಯುತ್ತಿದ್ದೇನೆ. ಶನಿವಾರ ದನಿ ಬರಲಿ ಬಿಡಲಿ, ಇಳಿದೇ ಇಳಿಯುತ್ತೇನೆ. ಕಾರ್ಡಿನಲ್ಲಿ ಜಾಗ ಮುಗಿಯಿತು. ಅವನ ಕೂಗು ಮೈದಾನದಲ್ಲಿ ಯಾರಿಗೆ ನಾಟಿತೋ ಕಾಣೆ, ಅಕ್ಕ. ಆ ಹೊತ್ತಿಗೆ ನೋಡುತ್ತಾ ನಿಂತಿದ್ದವನು ನಾನೊಬ್ಬನೇ.

ನಿನ್ನ ತಮ್ಮ