ಅಬ್ದುಲ್ಲನ ಮೊಮ್ಮಗ

ಅಪ್ಪಾ,

ನಿನ್ನ ಹೆಸರು ರಾಡೊಸಾವ್ ಎಂಬುದು ಈ ಇಸ್ತಾಂಬುಲಿನಲ್ಲಿ ನನ್ನೊಬ್ಬನಿಗೇ ಗೊತ್ತು. ನೀನು ಸತ್ತ ಸುದ್ದಿಯನ್ನು ನಮ್ಮ ಬೋಸ್ನಿಯಾದ ಕುರಿ ವ್ಯಾಪಾರಿಯೊಬ್ಬ ಹೇಳಿಹೋದ ಮೇಲೂ ಬರೆಯುತ್ತಿದ್ದೇನೆ. ಬದುಕಿದ್ದಾಗಲೂ ನಿನಗೆ ಓದಲು ಬರುತ್ತಿರಲಿಲ್ಲ ಬಿಡು.

ಇವತ್ತು ನನ್ನ ಮಗ ಇಲ್ಯಾಸ್ ಸುಲ್ತಾನರ ಜಾನಿಸರಿ ಪಡೆಗೆ ಸೇರಿದ. ನಮ್ಮಂಥ ಕ್ರೈಸ್ತರ ಹುಡುಗರನ್ನು ಈ ಪಡೆಗೆಂದು ಹಳ್ಳಿಗಳಿಂದ ಎಳೆದು ತಂದು ಮುಸಲ್ಮಾನರನ್ನಾಗಿಸುತ್ತಿದ್ದ ಕಾಲ ಮುಗಿಯಿತು. ಆಗ ನಮಗೆ ಮದುವೆಯೂ ನಿಷಿದ್ಧವಾಗಿತ್ತು. ಈಗ ಯುದ್ಧಕ್ಕೆ ಹೋಗದೆಯೂ ಸಂಬಳ ಬರುತ್ತದಲ್ಲ, ಕಟುಕರೂ ಕ್ಷೌರಿಕರೂ ಮಕ್ಕಳನ್ನು ಕರೆದುಕೊಂಡು ಬಂದು ಬಾಗಿಲಲ್ಲಿ ಕಾಯುತ್ತಾರೆ.

ನಾನೇ ಇಲ್ಯಾಸನನ್ನು ಪಡೆಯ ಬಿಡಾರಕ್ಕೆ ಕರೆದೊಯ್ದೆ. ಅಲ್ಲಿ ಗಂಜಿ ಹಂಡೆಯ ಪಕ್ಕ ಕೂತಿದ್ದ ದಳಪತಿ ಕೇಳಿದ: "ಏನಯ್ಯಾ, ಯಾರ ಮೊಮ್ಮಗ ನೀನು?"

"ಅಬ್ದುಲ್ಲಾ ಅವರ ಮೊಮ್ಮಗ!" ಎಂದ ಇಲ್ಯಾಸ್, ಎದೆಯುಬ್ಬಿಸಿ.

ಮುದಿ ಸಿಪಾಯಿಗಳೆಲ್ಲ ಬಿದ್ದು ಬಿದ್ದು ನಕ್ಕರು. ಎಳೆದು ತಂದ ಪ್ರತಿ ಹುಡುಗನ ಅಪ್ಪನ ಹೆಸರನ್ನೂ ಪಡೆಯ ಪಟ್ಟಿಯಲ್ಲಿ ಅಬ್ದುಲ್ಲಾ, ಅಂದರೆ ದೇವರ ದಾಸ, ಎಂದೇ ಬರೆಸುತ್ತಿದ್ದರಲ್ಲ.

"ಅಯ್ಯೋ ಪೆದ್ದೇ, ನಮ್ಮೆಲ್ಲರ ಅಪ್ಪನೂ ಅವನೇ ಕಣೋ! ಭಾರೀ ಗಂಡಸು!" ಎಂದ ಒಬ್ಬ.

ನಾನೂ ನಕ್ಕೆ. ಮಗ ನನ್ನ ಮುಖ ನೋಡಿದ. ನಿನ್ನ ಹೆಸರು ನಾಲಿಗೆಯ ತುದಿಗೆ ಬಂದಿತ್ತು, ಗಂಜಿಯ ಜೊತೆ ನುಂಗಿಕೊಂಡೆ.

ಮನೆಯಲ್ಲಿ ಹೆಂಡತಿ ಬೀದಿಗೆಲ್ಲ ಹಲ್ವ ಹಂಚಿದಳು. ಯಾರೂ ಅಳಲಿಲ್ಲ.

ಸುಲ್ತಾನರ ಆಳುಗಳು ನಮ್ಮ ಹಳ್ಳಿಗೆ ಬಂದ ದಿನ ನೀನು ಅಣ್ಣನನ್ನು ಹುಲ್ಲಿನ ಬಣವೆಯಲ್ಲಿ ಬಚ್ಚಿಟ್ಟು ನನ್ನನ್ನು ಅವರಿಗೆ ಕೊಟ್ಟೆ ಎಂದು ಜೀವಮಾನವಿಡೀ ನಿನಗೆ ಶಾಪ ಹಾಕಿದ್ದೇನೆ. ಆದರೂ ನನ್ನ ಕೈಯಿಂದ ನಿನ್ನ ಬೆರಳು ಬಿಡಿಸಲು ಅವರು ಕೋಲಿನಿಂದ ಹೊಡೆಯಬೇಕಾಯಿತು.

ಇವತ್ತು ಯಾರೂ ಕೋಲೆತ್ತಲಿಲ್ಲ.