ಹಜಾರದ ದೊಣ್ಣೆವರಸೆ

ಕೊಳ್ಳೇಗಾಲ
12-3-1964

ಪೂಜ್ಯ ಮಾವನವರಿಗೆ ರುದ್ರಸ್ವಾಮಿಯ ಶರಣು.

ಮೊನ್ನೆ ಚನ್ನಾಜಮ್ಮನನ್ನು ಸತ್ತೇಗಾಲಕ್ಕೆ ಕರೆದೊಯ್ಯುವಾಗ ನೀವು ನನ್ನ ಮುಖ ನೋಡಲಿಲ್ಲ. ಅವಳ ಮಣಿಕಟ್ಟು ಮುರಿದದ್ದು ನನ್ನ ದೊಣ್ಣೆಯಿಂದಲೇ. ಆದರೆ ನಾನು ಅವಳನ್ನು ಹೊಡೆಯಲಿಲ್ಲ.

ನಲವತ್ತು ದಾಟಿದ ಮೇಲೆ ನನಗೆ ದೊಣ್ಣೆವರಸೆ ಕಲಿಯುವ ಆಸೆಯಾಯಿತು. ಗರಡಿಯಲ್ಲಿ ಹುಡುಗರು ನಕ್ಕಾರೆಂದು ಹಜಾರದ ಬಾಗಿಲು ಹಾಕಿಕೊಂಡು, ದೊಣ್ಣೆಯನ್ನು ತಲೆಯ ಮೇಲೆತ್ತಿ ನೇರಕ್ಕೆ ಇಳಿಸುವ ಮೊದಲ ಪಾಠ ಅಭ್ಯಾಸ ಮಾಡುತ್ತಿದ್ದೆ. ಅವಳು ಒಳಮನೆಯಿಂದ ಮಜ್ಜಿಗೆ ತಂದದ್ದು ಕಾಣಲಿಲ್ಲ; ಇಳಿಸಿದ ದೊಣ್ಣೆ ಅವಳ ಕೈಮೇಲೆ ಬಿತ್ತು.

"ದೊಣ್ಣೆ ಇಚಾರ ಯಾರ್ಗೂ ಏಳ್ಬ್ಯಾಡ, ಬಾವಿಕಟ್ಟೇಲಿ ಜಾರ್ಬುಟ್ಟೆ ಅನ್ನು" ಅಂದೆ.

ಆ ನೋವಿನಲ್ಲೂ ಅವಳು, "ಆಗ್ಲಿ ಬುಡಿ" ಅಂದಳು.

ಕೇರಿಯವರು ಅದನ್ನು ನಂಬಲಿಲ್ಲ. ಗಂಡ ಹೊಡೆದದ್ದನ್ನು ಮುಚ್ಚುತ್ತಿದ್ದಾಳೆ ಎಂದುಕೊಂಡರು. ನೀವೂ ಹಾಗೇ ತಿಳಿದಿರಿ. ಆಗಲೂ ನಾನು ಬಾಯಿ ಬಿಡಲಿಲ್ಲ. ಹೆಂಡತಿಗೆ ಹೊಡೆಯುವವನು ಅನ್ನಿಸಿಕೊಂಡರೂ ಸರಿ, ನಗೆಪಾಟಲಾಗಬಾರದು ಎಂದು ನಿಂತಿದ್ದೆನಲ್ಲ, ಅದೇ ನನ್ನ ನಿಜವಾದ ತಪ್ಪು.

ಇವತ್ತು ಬೆಳಿಗ್ಗೆ ಬೀದಿಯಲ್ಲೇ ನಿಂತು ದೊಣ್ಣೆ ಬೀಸಿ ತೋರಿಸಿ, ನಡೆದದ್ದನ್ನು ಎಲ್ಲರಿಗೂ ಹೇಳಿದೆ. ಕೇರಿಯೆಲ್ಲ ನಕ್ಕಿತು.

ಇನ್ನು ಸುಳ್ಳು ಹೇಳಬೇಕಾಗಿಲ್ಲವೆಂದು ಅವಳಿಗೆ ತಿಳಿಸಿ. ಕೈಯ ಕಟ್ಟು ಬಿಚ್ಚುವವರೆಗೆ ನೀರು ಸೇದಲು ಬಿಡಬೇಡಿ. ಬರುವುದು ಬಿಡುವುದು ಅವಳಿಷ್ಟ. ನಾನು ಸೋಮವಾರದ ಬಸ್ಸಿಗೆ ಬರುತ್ತೇನೆ. ಒಳಗೆ ಕರೆಯದಿದ್ದರೆ ಜಗಲಿಯ ಮೇಲೆ ಕೂತಿರುತ್ತೇನೆ.

ನಿಮ್ಮ ಅಳಿಯನೆನ್ನಲು ನಾಚುತ್ತಿರುವ
ರುದ್ರಸ್ವಾಮಿ